ಕೂಡು, ಕೂಡಿಸು, ಕೂಡಲಿ: ಫೋರ್ತ್‌ಗೆ ಕನ್ನಡ ಕಲಿಸಲು ಹೋಗಿ

ಹೊಟ್ಟೆಪಾಡಿಗೆ ನಾನು ನೋಡಿಕೊಳ್ಳುವುದು ತೂಕದ ಯಂತ್ರಗಳ ಒಳಗೆ ಕುಳಿತಿರುವ ಪ್ರೋಗ್ರಾಮುಗಳನ್ನು. ಅವುಗಳಲ್ಲಿ ಒಂದು ಹಳೆಯ ಮಾದರಿ ಫೋರ್ತ್ ಭಾಷೆಯಲ್ಲಿದೆ. ಅದನ್ನು ಬರೆದವರು ನಿವೃತ್ತರಾಗುವ ಹೊತ್ತಿಗೆ ಓದಬಲ್ಲವರು ಬೇರೆ ಯಾರೂ ಉಳಿದಿರಲಿಲ್ಲ, ಹೀಗಾಗಿ ನನ್ನ ಕೊರಳಿಗೆ ಬಿತ್ತು. ಹೋಗುವ ಮುನ್ನ ಒಂದು ಮಧ್ಯಾಹ್ನ ಕೂರಿಸಿಕೊಂಡು ಹೇಳಿಕೊಟ್ಟರು. "ಪಕ್ಕದಲ್ಲಿ ಕಾಗದ ಇಟ್ಟುಕೊಂಡು ಸ್ಟ್ಯಾಕ್ ಬರೆಯುತ್ತಾ ಓದಿ. ಅದರಲ್ಲಿ ಮೂರಕ್ಕಿಂತ ಹೆಚ್ಚು ಸಂಖ್ಯೆ ಸೇರಿಕೊಂಡರೆ ತಪ್ಪು ನಿಮ್ಮದಲ್ಲ, ಬರೆದ ನನ್ನದು ಎಂದುಕೊಳ್ಳಿ" ಎಂದರು. ಸ್ಟ್ಯಾಕ್ ಎಂದರೆ ಸಂಖ್ಯೆಗಳನ್ನು ಒಂದರ ಮೇಲೊಂದು ಇಟ್ಟು, ಮೇಲಿನದನ್ನೇ ಮೊದಲು ತೆಗೆಯುವ ರಾಶಿ. ಅವರ ಕೋಡಿನಲ್ಲಿ ಹಾಗೆ ಮೂರು ದಾಟಿದ ಜಾಗಗಳು ಎರಡೇ ಎರಡು ಸಿಕ್ಕಿವೆ.

ಗೊತ್ತಿಲ್ಲದವರಿಗೆ ಎರಡು ಮಾತು. ಫೋರ್ತ್ ಅನ್ನು ಕಟ್ಟಿದವರು ಚಾರ್ಲ್ಸ್ ಮೂರ್, 1960ರ ದಶಕದ ಕೊನೆಗೆ. ನಾಲ್ಕನೆಯ ತಲೆಮಾರಿನ ಭಾಷೆ ಎಂಬ ಅರ್ಥದಲ್ಲಿ ಇಂಗ್ಲಿಷ್‌ನ 'ಫೋರ್ತ್' ಎಂದು ಹೆಸರಿಡಬೇಕೆಂದಿದ್ದರು. ಅವರು ಬಳಸುತ್ತಿದ್ದ ಐಬಿಎಂ 1130 ಯಂತ್ರದಲ್ಲಿ ಕಡತದ ಹೆಸರಿಗೆ ಐದೇ ಅಕ್ಷರ, ಹಾಗಾಗಿ ನಡುವಿನ 'ಯು' ಅಕ್ಷರ ಬಿದ್ದುಹೋಯಿತು. 1970ರ ದಶಕದ ಆರಂಭದಲ್ಲಿ ಅಮೆರಿಕದ ಕಿಟ್ ಪೀಕ್‌ನ ರೇಡಿಯೊ ದೂರದರ್ಶಕವನ್ನು ನಡೆಸಿತು. 2014ರಲ್ಲಿ ಧೂಮಕೇತುವಿನ ಮೇಲೆ ಇಳಿದ ಫಿಲೇ ನೌಕೆಯಲ್ಲಿದ್ದ ಪ್ರೊಸೆಸರ್ ಕೂಡ ಫೋರ್ತ್‌ಗೆಂದೇ ರೂಪಿಸಿದ ವಂಶದ್ದು. ಚರಿತ್ರೆ ಇಷ್ಟು ಸಾಕು.

ಭಾಷೆಯ ವ್ಯಾಕರಣ ಒಂದೇ ಸಾಲಿನದು: ಖಾಲಿ ಜಾಗದಿಂದ ಬೇರ್ಪಟ್ಟ ಪದಗಳನ್ನು ಎಡದಿಂದ ಬಲಕ್ಕೆ ಓದು; ಸಂಖ್ಯೆಯಾದರೆ ಸ್ಟ್ಯಾಕ್ ಮೇಲಿಡು, ಪದವಾದರೆ ಅದು ಹೇಳಿದ ಕೆಲಸ ಮಾಡು. ಮೂರು ನಾಲ್ಕನ್ನು ಕೂಡಿ ತೋರಿಸಲು ಹೀಗೆ ಬರೆಯಬೇಕು:

3 4 + .

ಹೊಸಬರನ್ನು ಹೆದರಿಸುವುದೇ ಇದು ಎನ್ನುತ್ತಾರೆ. ನನಗೆ ಹೆದರಿಕೆ ಬರಲಿಲ್ಲ. ಮೂರು, ನಾಲ್ಕು, ಕೂಡು, ಹೇಳು. ಕ್ರಿಯಾಪದ ಕೊನೆಗೆ ಬರುವ ಭಾಷೆಯಲ್ಲೇ ಬೆಳೆದವನಿಗೆ ಇದರಲ್ಲಿ ತಲೆಕೆಳಗಾದದ್ದು ಏನಿದೆ? ಒಂದು ರಾತ್ರಿ ಮನೆಯ ಕಂಪ್ಯೂಟರಿನಲ್ಲಿ ಜಿಫೋರ್ತ್ ಎಂಬ ಫೋರ್ತ್ ಆವೃತ್ತಿ ಹಾಕಿಕೊಂಡು ಟೈಪ್ ಮಾಡಿದೆ:

: ಕೂಡು + ;
: ಗುಣಿಸು * ;
: ಹೇಳು . ;
3 4 ಕೂಡು 5 ಗುಣಿಸು ಹೇಳು

35 ಎಂದಿತು. (: ಎಂದರೆ ಹೊಸ ಪದದ ಹೆಸರು ಮತ್ತು ಅದರ ಅರ್ಥ ಶುರು, ; ಎಂದರೆ ಮುಗಿಯಿತು.) ಹೆಸರಿನಲ್ಲಿ ಯಾವ ಅಕ್ಷರವಿದ್ದರೂ ಫೋರ್ತ್‌ಗೆ ಚಿಂತೆಯಿಲ್ಲ, ಖಾಲಿ ಜಾಗ ಇರಬಾರದು ಅಷ್ಟೆ. ಇಡೀ ಭಾಷೆಯನ್ನು ಒಂದು ವಾರಾಂತ್ಯದಲ್ಲಿ ಕನ್ನಡಕ್ಕೆ ತಂದುಬಿಡಬಹುದು ಎಂದುಕೊಂಡೆ. ಅದು ಎರಡು ತಿಂಗಳು ಹಿಡಿಯಿತು. ಕಚೇರಿಯಲ್ಲಿ ಮೂರು ವರ್ಷ ಬಳಸಿದರೂ ಅರ್ಥವಾಗದಿದ್ದ ಫೋರ್ತ್‌ನ ಆಳದ ಪಟ್ಟುಗಳೆಲ್ಲ ಆ ಎರಡು ತಿಂಗಳಲ್ಲಿ ಕೈಗೆ ಹತ್ತಿದವು. (ಕೆಳಗಿನ ಕೋಡಿನಲ್ಲಿ ಇಫ್, ಆರ್ ಎಂದು ಕನ್ನಡ ಲಿಪಿಯಲ್ಲಿ ಬರೆದ ಮೂಲ ಪದಗಳನ್ನು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು.)

ಮೊದಲ ಏಟು ಬಿದ್ದದ್ದು 'ಇಫ್' ಪದದಲ್ಲಿ. ಫೋರ್ತ್‌ನಲ್ಲಿ ಷರತ್ತು ಮೊದಲು, ಇಫ್ ಅದರ ನಂತರ, ಕೊನೆಗೆ 'ದೆನ್'. ಇಂಗ್ಲಿಷ್ ಬಲ್ಲವರು ಐವತ್ತು ವರ್ಷಗಳಿಂದ ಈ ದೆನ್ ಅನ್ನು ಬೈಯುತ್ತಲೇ ಇದ್ದಾರೆ, ಅವರ ಕಿವಿಗೆ ಅದು ಬರಬಾರದ ಕಡೆ ಬಂದಿದೆ. ಕನ್ನಡದಲ್ಲಿ 'ಆದರೆ' ಎಂಬುದು ಷರತ್ತಿನ ಹಿಂದೆಯೇ ತಾನೇ ಬರುವುದು? ಋಣ ಸಂಖ್ಯೆಯನ್ನು ಧನವಾಗಿಸುವ ಪದ ನೋಡಿ:

: ಋಣಬಿಡಿಸು  ನಕಲು 0< ಆದರೆ ತಿರುವು ಆಮೇಲೆ ;

ಸಂಖ್ಯೆಯ ನಕಲು ತೆಗೆ, ಸೊನ್ನೆಗಿಂತ ಕಡಿಮೆಯಾದರೆ ಚಿಹ್ನೆ ತಿರುವು, ಆಮೇಲೆ ಮುಂದಿನ ಕೆಲಸ. ಬಾಯಲ್ಲಿ ಹೇಳುವುದಕ್ಕೂ ಬರೆಯುವುದಕ್ಕೂ ನಡುವೆ ಪದಗಳ ಕ್ರಮ ಬದಲಾಗುವುದೇ ಇಲ್ಲ. ಖುಷಿಯಲ್ಲಿ ': ಆದರೆ ಇಫ್ ;' ಎಂದು ಬರೆದೆ. ಹೊಂದಿಕೆಯಾಗದ ಕಟ್ಟಡವಿದು ಎಂದು ಜಿಫೋರ್ತ್ ತಕರಾರು ತೆಗೆಯಿತು.

ಏಕೆಂದರೆ ಇಫ್ ಉಳಿದ ಪದಗಳಂತೆ ಪ್ರೋಗ್ರಾಮು ಓಡುವಾಗ ಕೆಲಸ ಮಾಡುವ ಪದವಲ್ಲ. ಹೊಸ ಪದವನ್ನು ಕಟ್ಟುತ್ತಿರುವಾಗಲೇ ಅದು ಎದ್ದು ಕೂರುತ್ತದೆ: ಜಿಗಿತದ ಆದೇಶವೊಂದನ್ನು ಹಾಕಿ, ಎಲ್ಲಿಗೆ ಜಿಗಿಯಬೇಕು ಎಂಬ ಜಾಗವನ್ನು ಖಾಲಿ ಬಿಟ್ಟು, ಆ ಖಾಲಿ ಜಾಗದ ಗುರುತನ್ನು ಇಟ್ಟುಕೊಳ್ಳುತ್ತದೆ. ದೆನ್ ಬಂದಾಗ ಗುರುತು ಹಿಡಿದು ಹೋಗಿ ವಿಳಾಸ ತುಂಬುತ್ತದೆ. ನನ್ನ ಸಾಲಿನಲ್ಲಿ ಇಫ್ 'ಆದರೆ'ಯ ಹೊಟ್ಟೆಯೊಳಗೇ ಜಿಗಿತ ಹಾಕಿತ್ತು, ತುಂಬುವವರು ಯಾರೂ ಬರಲಿಲ್ಲ. ಸರಿಯಾದ ದಾರಿ:

: ಆದರೆ  ಮುಂದೂಡು ಇಫ್ ; ತಕ್ಷಣ

'ತಕ್ಷಣ' ಎಂದರೆ ಈ ಪದವನ್ನು ಕಟ್ಟುವ ಹೊತ್ತಿನಲ್ಲೇ ನಡೆಸು ಎಂದು ಗುರುತು ಹಾಕುವುದು. 'ಮುಂದೂಡು' ಎಂದರೆ ಇಫ್‌ನ ಕೆಲಸವನ್ನು ಈಗ ಮಾಡಬೇಡ, 'ಆದರೆ' ನಡೆಯುವಾಗ ಮಾಡು ಎನ್ನುವುದು. ಕಚೇರಿಯ ಕೋಡಿನಲ್ಲಿ ಈ ಜೋಡಿಯನ್ನು ಹತ್ತಾರು ಕಡೆ ನೋಡಿದ್ದೆ, ಮುಟ್ಟದೆ ದಾಟಿಕೊಂಡು ಹೋಗಿದ್ದೆ. 'ಪೋಸ್ಟ್‌ಪೋನ್' ಎಂಬುದು ಅಲ್ಲಿಯವರೆಗೆ ನನ್ನ ಕಣ್ಣಿಗೆ ಒಂದು ಮಂತ್ರಾಕ್ಷರ. ಮುಂದೂಡು ಎಂದು ಬರೆದಾಗ, ಯಾರು ಯಾವುದನ್ನು ಯಾವ ಹೊತ್ತಿಗೆ ಮುಂದೂಡುತ್ತಿದ್ದಾರೆ ಎಂದು ಕೇಳಿಕೊಳ್ಳಲೇಬೇಕಾಯಿತು.

ಎರಡನೆಯ ಏಟು ಇನ್ನೂ ಜೋರಾಗಿತ್ತು. ಫೋರ್ತ್‌ನಲ್ಲಿ ಎರಡು ಸ್ಟ್ಯಾಕ್‌ಗಳಿವೆ. ಒಂದು ಲೆಕ್ಕಕ್ಕೆ; ಇನ್ನೊಂದು, ಒಂದು ಪದ ಇನ್ನೊಂದನ್ನು ಕರೆದಾಗ ಮರಳಿ ಎಲ್ಲಿಗೆ ಬರಬೇಕು ಎಂಬ ವಿಳಾಸಗಳಿಗೆ. ಈ ಎರಡನೆಯದರಲ್ಲಿ ನಾವೂ ತಾತ್ಕಾಲಿಕವಾಗಿ ಒಂದೆರಡು ಸಂಖ್ಯೆ ಇಟ್ಟುಕೊಳ್ಳಬಹುದು, ಅದಕ್ಕೆ '>ಆರ್' ಎಂಬ ಪದವಿದೆ. ನಾನು ಹೆಸರಿಟ್ಟೆ:

: ಬಚ್ಚಿಡು  >ಆರ್ ;

ಮನೆಯ ಕಂಪ್ಯೂಟರಿನಲ್ಲಿ '5 ಬಚ್ಚಿಡು' ಎಂದಾಗ ಅಮಾನ್ಯ ಮೆಮೊರಿ ವಿಳಾಸ ಎಂಬ ದೂರು ಬಂತು. ಬುದ್ಧಿ ಬರಲಿಲ್ಲ. ಮರುದಿನ ಊಟದ ಬಿಡುವಿನಲ್ಲಿ ಪರೀಕ್ಷೆಗೆ ಇಟ್ಟುಕೊಂಡಿರುವ ಯಂತ್ರದ ಮೇಲೂ ಹಾಕಿ ನೋಡಿದೆ. ಅಲ್ಲಿ ದೂರು ಹೇಳುವವರೂ ಇಲ್ಲ, ಪರದೆಯ ಮೇಲೆ ಅಡ್ಡಗೆರೆಗಳು ಮೂಡಿ ಯಂತ್ರ ಮೊದಲಿನಿಂದ ಶುರುವಾಯಿತು, ಮತ್ತೆ ಮತ್ತೆ.

ಕಾಗದ ತೆಗೆದು ಎರಡೂ ಸ್ಟ್ಯಾಕ್ ಬರೆದ ಮೇಲೆ ಕಂಡಿತು. ಬಚ್ಚಿಡು ಎಂಬ ಪದವನ್ನು ಕರೆದಾಗ ಮರಳುವ ವಿಳಾಸ ಎರಡನೆಯ ಸ್ಟ್ಯಾಕ್ ಮೇಲೆ ಬಂದು ಕೂರುತ್ತದೆ. ಅದರ ನೆತ್ತಿಯ ಮೇಲೆ ನಾನು 5 ಇಡುತ್ತೇನೆ. ಪದ ಮುಗಿಯಿತು, ಮರಳಬೇಕು; ಮೇಲಿರುವ ವಿಳಾಸ ತೆಗೆದುಕೊಳ್ಳುತ್ತದೆ, ಅದು 5. ಪ್ರೊಸೆಸರ್ ವಿಧೇಯವಾಗಿ 5ನೆಯ ವಿಳಾಸಕ್ಕೆ ಹೋಗಿ ಅಲ್ಲಿರುವುದನ್ನು ಆದೇಶವೆಂದು ಓದುತ್ತದೆ. ಬಚ್ಚಿಡುವವನು ತನ್ನ ಮನೆಯ ದಾರಿಯ ಚೀಟಿಯ ಮೇಲೆಯೇ ಗಂಟು ಇಟ್ಟು, ಹೊರಡುವಾಗ ಗಂಟನ್ನೇ ಚೀಟಿ ಎಂದು ಓದಿದಂತೆ. ಇಲ್ಲೂ ಮದ್ದು ಅದೇ, ': ಬಚ್ಚಿಡು ಮುಂದೂಡು >ಆರ್ ; ತಕ್ಷಣ'. ಆಗ ಬಚ್ಚಿಡು ತಾನು ಏನನ್ನೂ ಬಚ್ಚಿಡುವುದಿಲ್ಲ, ತನ್ನನ್ನು ಬರೆದ ಜಾಗದಲ್ಲಿ >ಆರ್ ಅನ್ನು ನೆಟ್ಟು ಸುಮ್ಮನಾಗುತ್ತದೆ.

ಇಷ್ಟೆಲ್ಲ ಆದ ಎರಡು ವಾರಕ್ಕೆ ಗೊತ್ತಾಯಿತು: 2012ರ ಮಾನಕದಲ್ಲಿ 'ಸಿನಾನಿಮ್' ಎಂಬ ಪದವೇ ಇದೆ. ಹೊಸ ಹೆಸರು, ಹಳೆಯ ಹೆಸರು ಬರೆದರೆ ತಕ್ಷಣದ ಗುರುತೂ ಸೇರಿ ಎಲ್ಲವನ್ನೂ ಸರಿಯಾಗಿ ಒಂದೇ ಸಾಲಿನಲ್ಲಿ ಮುಗಿಸುತ್ತದೆ. ಮೊದಲೇ ಗೊತ್ತಿದ್ದರೆ ಕೆಲಸ ಒಂದು ವಾರಾಂತ್ಯದಲ್ಲೇ ಆಗುತ್ತಿತ್ತು, ನಾನು ಮಾತ್ರ ಇದ್ದಲ್ಲೇ ಇರುತ್ತಿದ್ದೆ.

ಈಗ ನನಗೆ ಪ್ರಿಯವಾದ ಭಾಗ. ತಾನೇ ಕೆಲಸ ಮಾಡುವ ಪದ ಒಂದು ಬಗೆ. ಆ ಕೆಲಸವನ್ನು ಇನ್ನೊಂದು ಪದದೊಳಗೆ ನೆಡುವ ಪದ ಮತ್ತೊಂದು ಬಗೆ. ಇವೆರಡನ್ನೂ ಹೆಸರಿನಲ್ಲೇ ಬೇರ್ಪಡಿಸಬೇಕಿತ್ತು. ಇಂಗ್ಲಿಷ್‌ನಲ್ಲಿ ಬರೆಯುವವರು ಚೌಕ ಕಂಸವನ್ನೋ ಅಲ್ಪವಿರಾಮವನ್ನೋ ಹೆಸರಿಗೆ ಅಂಟಿಸುತ್ತಾರೆ. ನನಗೆ ವ್ಯಾಕರಣದಲ್ಲೇ ಉತ್ತರ ಇದೆ ಅನ್ನಿಸಿತು. ಮಾಡು, ಮಾಡಿಸು. ಕೂಡು ಎಂದರೆ ನೀನೇ ಕೂಡು. ಕೂಡಿಸು ಎಂದರೆ ಇನ್ನೊಬ್ಬರ ಕೈಯಲ್ಲಿ ಕೂಡುವ ಕೆಲಸ ಮಾಡಿಸು:

: ಕೂಡಿಸು  ಮುಂದೂಡು ಕೂಡು ;

ಮೂರು ದಿನ ಬೀಗಿದೆ. ನಾಲ್ಕನೆಯ ದಿನ 'ಗುಣಿಸು' ಎದುರಾಯಿತು. ಅದರಲ್ಲಿ ಆಗಲೇ ಇಸು ಇದೆ, ಆದರೆ ಅದು ಪ್ರೇರಣೆಯ ಇಸು ಅಲ್ಲ. ಗುಣ ಎಂಬ ನಾಮಪದವನ್ನು ಕ್ರಿಯಾಪದ ಮಾಡಲು ಬಂದ ಇಸು. ಭಾಗಿಸು ಕೂಡ ಹಾಗೆಯೇ, ನಕಲಿಸು ಕೂಡ. ಗುಣಿಸು ಎಂಬುದನ್ನು ಇನ್ನೊಬ್ಬರ ಕೈಯಲ್ಲಿ ಮಾಡಿಸಬೇಕೆಂದರೆ 'ಗುಣಿಸಿಸು' ಎನ್ನಲೇ? ನಾಲಿಗೆ ಒಪ್ಪಲಿಲ್ಲ. ಎಲ್ಲ ಇಸುಗಳನ್ನೂ ಅಳಿಸಿ ವಿಧ್ಯರ್ಥಕ್ಕೆ ಹೋದೆ: ಕೂಡಲಿ, ಗುಣಿಸಲಿ, ನಕಲಾಗಲಿ. ಮುಂದೆ ಯಾರೋ ಮಾಡುತ್ತಾರೆ, ಮಾಡಲಿ ಎಂಬ ಧಾಟಿ. ಕೆಲಸವೂ ಅದೇ.

ಇದರಿಂದ ಏನು ಲಾಭ? ಒಂದು ಸಂಖ್ಯೆಯ ಐದನೆಯ ಘಾತ ಬೇಕೆಂದುಕೊಳ್ಳಿ. ಪ್ರತಿ ಸಲವೂ ಸುತ್ತು ಹಾಕಿ ಗುಣಿಸುವ ಬದಲು, ಪದ ಕಟ್ಟುವಾಗಲೇ ಆ ಸುತ್ತನ್ನು ಬಿಚ್ಚಿ ಹರಡಿಬಿಡಬಹುದು:

: ನಕಲಾಗಲಿ  ಮುಂದೂಡು ನಕಲು ;
: ಗುಣಿಸಲಿ  ಮುಂದೂಡು ಗುಣಿಸು ;
: ಘಾತವಾಗಲಿ  1- ನಕಲು
   0 ಸುತ್ತು ನಕಲಾಗಲಿ ಮರಳು
   0 ಸುತ್ತು ಗುಣಿಸಲಿ ಮರಳು ; ತಕ್ಷಣ
: ಐದನೇಘಾತ  [ 5 ] ಘಾತವಾಗಲಿ ;

ಚೌಕ ಕಂಸದೊಳಗಿನ 5 ಪದ ಕಟ್ಟುವ ಹೊತ್ತಿನಲ್ಲಿ ಸ್ಟ್ಯಾಕ್ ಮೇಲೆ ಕೂರುತ್ತದೆ. ಘಾತವಾಗಲಿ ಅದನ್ನು ತೆಗೆದುಕೊಂಡು ನಾಲ್ಕು ನಕಲು, ನಾಲ್ಕು ಗುಣಿಸು ನೆಟ್ಟು ಹೋಗುತ್ತದೆ. '2 ಐದನೇಘಾತ ಹೇಳು' ಎಂದರೆ 32. 'ಸೀ' ಎಂಬ ಪದದಿಂದ ಐದನೇಘಾತದ ಒಡಲು ಬಿಡಿಸಿ ನೋಡಿದರೆ ಸುತ್ತು ಎಲ್ಲೂ ಇಲ್ಲ, ಎಂಟು ಪದಗಳು ಸಾಲಾಗಿ ನಿಂತಿರುತ್ತವೆ. ಮೊದಲ ಸಲ ಅದನ್ನು ಕಂಡಾಗ ನಾನು ಸುಮ್ಮನೆ 9ನೆಯ ಘಾತ, 12ನೆಯ ಘಾತ ಎಂದು ಕಟ್ಟಿ ನೋಡುತ್ತಾ ಕುಳಿತಿದ್ದೆ. ಘಾತ ದೊಡ್ಡದಾದಷ್ಟೂ ಸ್ಟ್ಯಾಕ್ ಮೇಲೆ ನಕಲುಗಳು ರಾಶಿ ಬೀಳುತ್ತವೆ. ನನ್ನ ಗುರುಗಳು ಮೂರರ ಮೇಲೆ ಇಡಬೇಡಿ ಎಂದಿದ್ದರಲ್ಲ, ಅವರಿಗೆ ಇದನ್ನು ತೋರಿಸಿಲ್ಲ.

ಫೋರ್ತ್‌ನ ಅತಿ ಹೆಸರಾದ ಪಟ್ಟು 'ಕ್ರಿಯೇಟ್' ಮತ್ತು 'ಡಸ್>' ಜೋಡಿ. ನಾನು ಅವನ್ನು ಸೃಷ್ಟಿಸು, ನಡತೆ> ಎಂದು ಕರೆಯುತ್ತೇನೆ. ಇವುಗಳಿಂದ ಪದಗಳನ್ನು ಹೆರುವ ಪದ ಬರೆಯಬಹುದು: ಸೃಷ್ಟಿಸು ಎಂಬುದರಿಂದ ಮುಂದಿನದು ಮಗು ಹುಟ್ಟುವಾಗ ನಡೆಯುವ ಕೆಲಸ, ನಡತೆ> ಎಂಬುದರಿಂದ ಮುಂದಿನದು ಹುಟ್ಟಿದ ಮಗು ಮುಂದೆ ಕರೆದಾಗಲೆಲ್ಲ ನಡೆದುಕೊಳ್ಳುವ ಬಗೆ.

ನನಗೆ ಇದು ಬೇಕಾದದ್ದು ಒಂದು ಹಟಕ್ಕೆ. ಫೋರ್ತ್‌ನಲ್ಲಿ ಚರದ, ಅಂದರೆ ಬದಲಾಗುವ ಬೆಲೆಯನ್ನು ಇಟ್ಟುಕೊಳ್ಳುವ ಜಾಗದ, ಹೆಸರು ಹೇಳಿದರೆ ಬರುವುದು ಅದರ ಮೆಮೊರಿ ವಿಳಾಸ. ಬೆಲೆ ಓದಲು ಒಂದು ಚಿಹ್ನೆ, ಬರೆಯಲು ಇನ್ನೊಂದು ಚಿಹ್ನೆ ಸೇರಿಸಬೇಕು. ನಾವು ಹಾಗೆ ಮಾತನಾಡುವುದಿಲ್ಲ. ನಮಗೆ ಚತುರ್ಥಿ ವಿಭಕ್ತಿ ಇದೆ. ಹೀಗೆ ಬರೆಯಬೇಕು ಎಂದು ಆಸೆ:

ಚರ ತೂಕ
72 ತೂಕಕ್ಕೆ
ತೂಕ ಹೇಳು

ಅಂದರೆ 'ಚರ' ಎಂಬ ಪದ ಒಂದೇ ಏಟಿಗೆ ಅವಳಿ ಹೆರಬೇಕು. ತೂಕ ಎಂದರೆ ಬೆಲೆ ಬರಬೇಕು, ತೂಕಕ್ಕೆ ಎಂದರೆ ಬೆಲೆ ಒಳಗೆ ಹೋಗಬೇಕು. ಒಂದೇ ಪದದೊಳಗೆ ಎರಡು ನಡತೆ ಬರೆಯಲಾಗುವುದಿಲ್ಲ, ನಡತೆ> ಬಂದ ಕೂಡಲೇ ಹೆರುವ ಪದದ ಪಾಲಿನ ಕೆಲಸ ಮುಗಿದಿರುತ್ತದೆ. ಹಾಗಾಗಿ ಎರಡು ಸೂಲಗಿತ್ತಿಯರು:

: ಹೆಸರುರೂಪ  ಸೃಷ್ಟಿಸು 0 ,  ನಡತೆ> ನೋಡು ;
: ಗೆರೂಪ  ಸೃಷ್ಟಿಸು ,  ನಡತೆ> ನೋಡು ಇಡು ;

ಮೊದಲನೆಯದು ಹೊಟ್ಟೆಯಲ್ಲಿ ಬೆಲೆ ಇಟ್ಟುಕೊಳ್ಳುತ್ತದೆ. ಎರಡನೆಯದು ಹೊಟ್ಟೆಯಲ್ಲಿ ಮೊದಲನೆಯದರ ವಿಳಾಸ ಇಟ್ಟುಕೊಳ್ಳುತ್ತದೆ. ಕರೆದಾಗ ಆ ವಿಳಾಸ ನೋಡಿ ಅಲ್ಲಿ ಇಡುತ್ತದೆ. ಹುಟ್ಟುವ ಪದಕ್ಕೆ ಕೀಲಿಮಣೆಯಿಂದ ಬಂದ ಹೆಸರಿನ ಬದಲು ನಾವೇ ಕಟ್ಟಿದ ಹೆಸರು ಕೊಡಲು ಜಿಫೋರ್ತ್‌ನಲ್ಲಿ 'ನೆಕ್ಸ್ಟ್‌ನೇಮ್' ಇದೆ. ಉಳಿದದ್ದು ವಿಭಕ್ತಿ ಕಟ್ಟುವುದು.

ಅಲ್ಲಿ ನಾನು ಶಾಲೆಯ ವ್ಯಾಕರಣಕ್ಕೆ ವಾಪಸಾದೆ. ಕಂಪ್ಯೂಟರ್ ಅಕ್ಷರಗಳನ್ನು ಬೈಟ್ ಎಂಬ ಸಣ್ಣ ಸಂಖ್ಯೆಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಸ್ವರಚಿಹ್ನೆಗೂ ಮೂರು ಬೈಟ್. ಹೆಸರಿನ ಕೊನೆಯ ಮೂರು ಬೈಟ್ 224 178 191 ಆದರೆ ಅದು ಗುಡಿಸು, 224 179 134 ಆದರೆ ಎತ್ವ. ಎರಡಕ್ಕೂ 'ಗೆ' ಅಂಟಿಸಿದರಾಯಿತು: ಗತಿಗೆ, ಅಳತೆಗೆ. ಯಾವ ಸ್ವರಚಿಹ್ನೆಯೂ ಇಲ್ಲದೆ ಬರಿಯ ವ್ಯಂಜನ ಇದ್ದರೆ ಅಕಾರಾಂತ, 'ಕ್ಕೆ': ದರಕ್ಕೆ, ಮೊತ್ತಕ್ಕೆ. 224 179 129 ಆದರೆ ಉಕಾರ. ಆ ಮೂರು ಬೈಟ್ ಕತ್ತರಿಸಿ 'ಿಗೆ' ಸೇರಿಸು: ಸಾಲು ಎಂಬುದು ಸಾಲಿಗೆ. ಲೋಪಸಂಧಿ ಎಂದು ಬಾಯಿಪಾಠ ಮಾಡಿಸಿದ್ದು ಇದನ್ನೇ, ಅಂಕಗಳಿಗಲ್ಲದೆ ಅದು ನನಗೆ ಬಳಕೆಗೆ ಬಂದದ್ದು ಇದೇ ಮೊದಲು. 'ಚರ ವಸ್ತು' ಎಂದು ಬರೆದಾಗ ಪ್ರೋಗ್ರಾಮು 'ವಸ್ತಿಗೆ' ಎಂಬ ಕೂಸನ್ನು ಹೆತ್ತಿತು. ವಸ್ತುವಿಗೆ ಲೋಪವಲ್ಲ, ವಕಾರಾಗಮ. ಯಾವ ಉಕಾರ ಬೀಳುತ್ತದೆ, ಯಾವುದು ಗಟ್ಟಿಯಾಗಿ ನಿಲ್ಲುತ್ತದೆ ಎಂದು ಬೈಟ್ ನೋಡಿ ಹೇಳಲು ಬರುವುದಿಲ್ಲ. ಹೆಚ್ಚು ಜಾಣತನಕ್ಕೆ ಹೋಗದೆ 'ಆಗಮಚರ' ಎಂದು ಇನ್ನೊಂದು ಪದ ಬರೆದೆ. ವಸ್ತು, ಋತು ಇಂಥವನ್ನು ಬರೆಯುವವರು ತಾವೇ ತಿಳಿದು ಅದನ್ನು ಬಳಸಬೇಕು.

ಆಮೇಲೆ ಬಂತು ಟೈಮರ್. ಚರ ಟೈಮರ್ ಎಂದೆ, 'ಗೆ' ಅಂಟಿತು. ಮುಂದಿನ ಸಾಲಿನಲ್ಲಿ '60 ಟೈಮರ್‌ಗೆ' ಎಂದೆ. ಅಂಥ ಪದವಿಲ್ಲ ಎಂದಿತು. ಪದಗಳ ಪಟ್ಟಿ ತೆಗೆದು ನೋಡಿದರೆ ಅಲ್ಲಿ ಇದ್ದದ್ದು 'ಟೈಮರ್ಗೆ', ಅರ್ಕಾವತ್ತು ಹೊತ್ತ ರೂಪ. ಕೀಲಿಮಣೆಯಲ್ಲಿ ಟೈಮರ್‌ಗೆ ಎಂದು ಬಿಡಿಸಿ ಬರೆಯುವಾಗ ರ್ ಮತ್ತು ಗೆ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಸೇರುತ್ತದೆ, ಎರಡನ್ನೂ ಬೆಸೆಯಬೇಡ ಎಂದು ಹೇಳಲು. ನನ್ನ ಪ್ರೋಗ್ರಾಮಿಗೆ ಅದರ ಸುದ್ದಿಯೇ ಇರಲಿಲ್ಲ. ಸರಿ, ಹೆಸರು ಹಲಂತದಿಂದ, ಅಂದರೆ 224 179 141ರಿಂದ ಮುಗಿದರೆ ನಡುವೆ 226 128 140 ಎಂಬ ಮೂರು ಬೈಟ್ ಸೇರಿಸು ಎಂದು ಬರೆದೆ. ಟೈಮರ್‌ಗೆ ಸಿಕ್ಕಿತು. ಈಗ 'ಟೈಮರ್ ಹೇಳು' ಎಂದರೆ ಟೈಮರ್ ಎಂಬ ಪದವೇ ಇಲ್ಲವಂತೆ! ಎದುರಿಗೆ ಪರದೆಯ ಮೇಲೆ ಎರಡು ಸಾಲಿನಲ್ಲಿ ಎರಡು ಟೈಮರ್ ಕಾಣುತ್ತಿವೆ, ತಲಕಟ್ಟಿನಿಂದ ಹಿಡಿದು ಕೊನೆಯ ಕೊಂಬಿನವರೆಗೆ ಒಂದೇ. ಒಂದು ಗಂಟೆ ಹೋಯಿತು. ಕೊನೆಗೆ ಎರಡನ್ನೂ ಬೈಟ್‌ಗಳಾಗಿ ಸುರಿದು ನೋಡಿದೆ. ಎರಡನೆಯದರ ಬಾಲದಲ್ಲಿ ಅದೇ 226 128 140. ಟೈಮರ್‌ಗೆ ಎಂದು ಬರೆದು ಕೊನೆಯ ಗೆ ಅಳಿಸಿದ್ದೆ, ಕಾಣದ ಗುರುತು ಅಲ್ಲೇ ಉಳಿದಿತ್ತು.

ಹಳೆಯ ಫೋರ್ತ್‌ಗಳ ಕಾಲದಲ್ಲಿ ಈ ಗೋಳು ಇನ್ನೊಂದು ರೂಪದಲ್ಲಿ ಬರುತ್ತಿತ್ತು. ಆಗಿನ ಹಲವು ಆವೃತ್ತಿಗಳು ಮೆಮೊರಿ ಉಳಿಸಲು ಪದದ ಉದ್ದ ಮತ್ತು ಮೊದಲ ಮೂರು ಅಕ್ಷರಗಳನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಿದ್ದವು. ಮೂರು ಬೈಟ್ ಎಂದರೆ ಕನ್ನಡದಲ್ಲಿ ಒಂದೇ ಅಕ್ಷರ. ಕೂಡು, ಕೇಳು ಎರಡೂ 12 ಬೈಟ್, ಎರಡರ ಮೊದಲ ಅಕ್ಷರವೂ ಕ. ಅಂಥ ಯಂತ್ರಕ್ಕೆ ಅವೆರಡೂ ಒಂದೇ ಪದ. ಹೆಸರಿಗೆ 31 ಬೈಟ್ ಮಿತಿ ಇರುವ ಕಡೆ 'ಇಲ್ಲದಿದ್ದರೆ' ಕೂಡ ಹಿಡಿಸುವುದಿಲ್ಲ, ಎಣಿಸಿ ನೋಡಿದೆ, 33 ಆಗುತ್ತದೆ. ಅದಕ್ಕೇ ನನ್ನ ಪದಕೋಶದಲ್ಲಿ 'ಇಲ್ಲವೇ' ಎಂದು ಮಾಡಿಕೊಂಡಿದ್ದೇನೆ.

ಬಗೆಹರಿಯದೆ ಉಳಿದದ್ದೂ ಇದೆ. ಫೋರ್ತ್ ಎಲ್ಲ ಕಡೆ ಕ್ರಿಯೆಯನ್ನು ಕೊನೆಗಿಟ್ಟು, ಹೊಸ ಹೆಸರು ಇಡುವಾಗ ಮಾತ್ರ ಮಾತು ತಪ್ಪುತ್ತದೆ. 'ಚರ ತೂಕ' ಎಂದು ನಾನು ಬರೆದದ್ದನ್ನೇ ನೋಡಿ; ಕನ್ನಡದ ಕ್ರಮ 'ತೂಕ ಎಂಬ ಚರ'. ಆದರೆ ತೂಕ ಎಂಬ ಪದ ಇನ್ನೂ ಹುಟ್ಟಿಯೇ ಇಲ್ಲ, ಸಾಲಿನಲ್ಲಿ ಮೊದಲಿಗೇ ಅದನ್ನು ಕಂಡರೆ ಯಂತ್ರ ಅಲ್ಲೇ ನಿಂತು ದೂರು ಹೇಳುತ್ತದೆ. ಗುರುತಿಲ್ಲದ ಪದ ಬಂದಾಗ ಏನು ಮಾಡಬೇಕೆಂದು ನಾವೇ ಹೇಳಿಕೊಡುವ ದಾರಿ ಹೊಸ ಜಿಫೋರ್ತ್‌ನಲ್ಲಿದೆ, 'ರೆಕಗ್ನೈಜರ್' ಎನ್ನುತ್ತಾರೆ. ಗುರುತಿಲ್ಲದ ಪದದ ಹೆಸರನ್ನೇ ಸ್ಟ್ಯಾಕ್ ಮೇಲಿಟ್ಟು ಸುಮ್ಮನಿರು, ಹಿಂದೆಯೇ 'ಎಂಬ' ಬರುತ್ತದೋ ನೋಡೋಣ ಎನ್ನಬಹುದು. ಮಾಡಿ ನೋಡಿದೆ, ನಡೆಯಿತು. ಆದರೆ ಆಮೇಲೆ ನನ್ನ ಕಾಗುಣಿತದ ತಪ್ಪುಗಳೆಲ್ಲ ಹೊಸ ಹೆಸರುಗಳೆಂದು ಸ್ಟ್ಯಾಕ್ ಮೇಲೆ ಮೌನವಾಗಿ ಬಂದು ಕೂರತೊಡಗಿದವು. ತೆಗೆದುಹಾಕಿದೆ.

ಸದ್ಯಕ್ಕೆ ಕೈಯಲ್ಲಿರುವುದು ಬಸ್. ಪ್ರೊಸೆಸರ್‌ಗೂ ತೂಕದ ಸಂವೇದಕಕ್ಕೂ ನಡುವಿನ ತಂತಿಯ ಬಸ್. ನನ್ನ ಪ್ರೋಗ್ರಾಮು ಈಗ ತಪ್ಪಿಲ್ಲದೆ 'ಬಸ್‌ಗೆ' ಎನ್ನುತ್ತದೆ. ಬಾಯಲ್ಲಿ ನಾನು ಹೇಳುವುದು ಬಸ್ಸಿಗೆ. ಸಕಾರವನ್ನು ಇಮ್ಮಡಿಸುವ ನಿಯಮ ಬರೆಯಲು ಹೋದರೆ ಟೈಮರ್ ಎಂಬುದು ಟೈಮರ್ರಿಗೆ ಆಗುತ್ತದೆ. ಒಂದೇ ಅಕ್ಷರ, ಅದರ ಮುಂದೆ ಹಲಂತ ಎಂದಿದ್ದರೆ ಮಾತ್ರ ಇಮ್ಮಡಿಸು ಎಂದು ನಿನ್ನೆ ರಾತ್ರಿ ಬರೆದು ಮಲಗಿದ್ದೇನೆ. ಇನ್ನೂ ಓಡಿಸಿಲ್ಲ.